ಒಂದೇ ಕೂಸು, ಐದು ಪುಸ್ತಕ: ಹೆರಿಗೆ ದಾಖಲೆಯ ನಕಲಿನ ಒಂದು ಪ್ರಕರಣ ಅಧ್ಯಯನ

ಗದಗ ಮತ್ತು ಹಾವೇರಿ ಜಿಲ್ಲೆಗಳು ಕೂಡುವ ಸೀಮೆಯ ಒಂದು ನರ್ಸಿಂಗ್ ಕಾಲೇಜಿನಲ್ಲಿ ನಡೆದ ಪ್ರಕರಣವಿದು. ಊರು, ಕಾಲೇಜು, ಆಸ್ಪತ್ರೆ ಯಾವುದರ ಹೆಸರನ್ನೂ ಹೇಳುವುದಿಲ್ಲ. ವಿದ್ಯಾರ್ಥಿನಿಯರ ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಿದ್ದೇನೆ. ನಾನು ಧಾರವಾಡದಲ್ಲಿ ಪ್ರಸೂತಿ ಶುಶ್ರೂಷೆ ಕಲಿಸುವವಳು. ವಿಚಾರಣಾ ಸಮಿತಿಯ ಮೂವರಲ್ಲಿ ಹೊರಗಿನಿಂದ ಹೋದ ಸದಸ್ಯೆ. ಕಾಲೇಜಿನ ಪ್ರಾಂಶುಪಾಲರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಇಂಥದೇ ಪುಸ್ತಕಗಳು ನಮ್ಮ ಸುತ್ತಲಿನ ಹಲವು ಕಪಾಟುಗಳಲ್ಲಿ ಇವೆ ಎಂಬುದು ಈ ವೃತ್ತಿಯಲ್ಲಿ ಇರುವವರಿಗೆಲ್ಲ ಗೊತ್ತು. ಗೊತ್ತಿದ್ದೂ ಸುಮ್ಮನಿದ್ದವರಲ್ಲಿ ನಾನೂ ಒಬ್ಬಳಾಗಿದ್ದೆ.

ಹಿನ್ನೆಲೆ

ಬಿ.ಎಸ್ಸಿ. ನರ್ಸಿಂಗ್‌ನ ಹಳೆಯ ವಾರ್ಷಿಕ ಪದ್ಧತಿಯಲ್ಲಿ ಪ್ರಸೂತಿ ವಿಷಯ ನಾಲ್ಕನೆಯ ವರ್ಷಕ್ಕೆ ಬರುತ್ತಿತ್ತು. ಆಗಿನ ಪಠ್ಯಕ್ರಮದಂತೆ ಪ್ರತಿ ವಿದ್ಯಾರ್ಥಿನಿ 30 ಗರ್ಭಿಣಿಯರ ತಪಾಸಣೆ ನಡೆಸಬೇಕು, 20 ಸಹಜ ಹೆರಿಗೆ ಮಾಡಿಸಬೇಕು, 20 ಬಾಣಂತಿಯರ ಆರೈಕೆ ಮಾಡಬೇಕು. ಪ್ರತಿಯೊಂದನ್ನೂ ಕೇಸ್ ಬುಕ್ಕಿನಲ್ಲಿ ಬರೆದು ಹೆರಿಗೆ ಕೋಣೆಯ ಸಿಸ್ಟರ್ ಮತ್ತು ಬೋಧಕಿ ಇಬ್ಬರ ಸಹಿ ಪಡೆಯಬೇಕು. ಈ ಕಾಲೇಜಿನಲ್ಲಿ ಪುಸ್ತಕ ತುಂಬದವರನ್ನು ಪ್ರಾಯೋಗಿಕ ಪರೀಕ್ಷೆಗೆ ಕೂರಿಸುತ್ತಿರಲಿಲ್ಲ.

20 ಎಂಬ ಸಂಖ್ಯೆಗೆ ಅರ್ಥವಿದೆ. ಈ ಹುಡುಗಿಯರು ನಾಳೆ 24 ಗಂಟೆಯೂ ತೆರೆದಿರುವ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಾತ್ರಿ ಪಾಳಿಗೆ ಒಬ್ಬರೇ ಇರುತ್ತಾರೆ. ಕೂಸು ಹುಟ್ಟಿದ ಒಂದು ನಿಮಿಷದೊಳಗೆ ತಾಯಿಗೆ ರಕ್ತಸ್ರಾವ ತಡೆಯುವ ಆಕ್ಸಿಟೋಸಿನ್ ಚುಚ್ಚುಮದ್ದನ್ನು 10 ಯೂನಿಟ್ ಹಾಕಬೇಕೆಂಬುದು ಎಲ್ಲರಿಗೂ ಬಾಯಿಪಾಠವಾಗಿರುತ್ತದೆ. ಅದೇ ನಿಮಿಷದಲ್ಲಿ ಕೂಸು ಅಳದಿದ್ದರೆ ಒಂದು ಕೈ ಕೂಸಿನ ಕಡೆಗೂ ಇನ್ನೊಂದು ಕೈ ತಾಯಿಯ ಕಡೆಗೂ ಹೋಗಬೇಕು, ಅದು ಬಾಯಿಪಾಠದಿಂದ ಬರುವುದಿಲ್ಲ. ಹೆರಿಗೆಯ ನಂತರದ ರಕ್ತಸ್ರಾವ ಹಿಡಿತಕ್ಕೆ ಸಿಗದಿದ್ದರೆ ಗಟ್ಟಿಮುಟ್ಟಾದ ಹೆಂಗಸು ಕೂಡ ಎರಡು ಗಂಟೆಯೊಳಗೆ ಸಾಯಬಹುದು. ಹಾಗಾಗಿ ಕೇಸ್ ಬುಕ್ಕಿನಲ್ಲಿ ಒಂದು ಸುಳ್ಳು ಪುಟ ಇದ್ದರೆ ಅದನ್ನು ನಾನು ಅಂಕಗಳ ವಿಷಯವೆಂದು ಎಣಿಸಲಾರೆ.

ಮೌಖಿಕ ಪರೀಕ್ಷೆಯ ದಿನ

ಬಾಹ್ಯ ಪರೀಕ್ಷಕಿಯಾಗಿ ಬಂದವರು ಹೆರಿಗೆ ಕೋಣೆಯಲ್ಲಿಯೇ ಕೂದಲು ಹಣ್ಣಾದವರು. ಅವರು ಒಬ್ಬ ವಿದ್ಯಾರ್ಥಿನಿಯ ಪುಸ್ತಕ ತೆರೆದು, ಹದಿನಾಲ್ಕನೆಯ ಪ್ರಕರಣದ ಮೇಲೆ ಬೆರಳಿಟ್ಟರು. ಚೊಚ್ಚಲ ಹೆರಿಗೆ, ಕೂಸಿನ ತೂಕ 4.1 ಕೆ.ಜಿ. "ಇಷ್ಟು ದೊಡ್ಡ ಕೂಸು. ತಲೆ ಬಂದ ಮೇಲೆ ಭುಜ ಬರುವಾಗ ನೀನು ಏನು ಮಾಡಿದೆ, ಹೇಳವ್ವ" ಎಂದು ಕೇಳಿದರು.

ಅಂಥ ಕೂಸಿನ ಭುಜ ಸಿಕ್ಕಿಕೊಳ್ಳುವ ಭಯ ಇದ್ದೇ ಇರುತ್ತದೆ. ತಾಯಿಯ ತೊಡೆಗಳನ್ನು ಹೊಟ್ಟೆಯ ಕಡೆಗೆ ಚೆನ್ನಾಗಿ ಮಡಚಿ ಹಿಡಿಯಲು ಯಾರಾದರೂ ಓಡಿ ಬಂದಿರುತ್ತಾರೆ, ಸಿಸ್ಟರ್ ಕೂಗಿರುತ್ತಾರೆ, ಕೋಣೆಯಲ್ಲಿದ್ದವರ ಕೈಕಾಲು ತಣ್ಣಗಾಗಿರುತ್ತವೆ. ಒಮ್ಮೆ ನೋಡಿದವರು ಅದನ್ನು ಜನ್ಮದಲ್ಲಿ ಮರೆಯುವುದಿಲ್ಲ. ಆ ಹುಡುಗಿ ಮಾತ್ರ ನೆಲ ನೋಡುತ್ತ ನಿಂತಳು.

ಪರೀಕ್ಷಕಿ ಪಕ್ಕದ ಪುಸ್ತಕ ತೆಗೆದರು. ಅಲ್ಲಿ ಒಂಬತ್ತನೆಯ ಪ್ರಕರಣ ಅದೇ ತಾಯಿ, ಅದೇ ಒಳರೋಗಿ ಸಂಖ್ಯೆ, ಅದೇ 4.1 ಕೆ.ಜಿ. ಮತ್ತೊಂದು ತೆಗೆದರು, ಅದರಲ್ಲಿಯೂ ಅದೇ. ಮಧ್ಯಾಹ್ನದ ಹೊತ್ತಿಗೆ ಒಂದೇ ಕೂಸು ಐದು ಪುಸ್ತಕಗಳಲ್ಲಿ ಐದು ಜನರ ಕೈಯಲ್ಲಿ ಹುಟ್ಟಿತ್ತು. ಅವರು ಪರೀಕ್ಷೆಯನ್ನು ಅಲ್ಲಿಗೇ ನಿಲ್ಲಿಸಿ, ಎರಡು ಪುಟದ ವರದಿ ಬರೆದು, 38 ಪುಸ್ತಕಗಳನ್ನೂ ಬಟ್ಟೆಯಲ್ಲಿ ಕಟ್ಟಿ ಅರಗಿನ ಮುದ್ರೆ ಹಾಕಿಸಿ ಪ್ರಾಂಶುಪಾಲರ ಕೈಗೆ ಕೊಟ್ಟು ಹೋದರು. ಆ ಮುದ್ರೆ ಇರದಿದ್ದರೆ ಮುಂದಿನ ಕೆಲಸ ಯಾವುದೂ ಆಗುತ್ತಿರಲಿಲ್ಲ. ಪುಸ್ತಕಗಳು ಒಂದು ರಾತ್ರಿ ಹಾಸ್ಟೆಲಿನಲ್ಲಿ ಇದ್ದಿದ್ದರೆ ಐದರಲ್ಲಿ ನಾಲ್ಕು ಪುಟಗಳು ಮಾಯವಾಗಿರುತ್ತಿದ್ದವು.

ಆ ಸಂಜೆ ಆದ ತಪ್ಪು

ಸಮಿತಿ ರಚನೆಯಾಗುವ ಮೊದಲೇ ಆಡಳಿತ ಮಂಡಳಿಯವರು ತಾವೇ ವಿಚಾರಣೆಗೆ ಇಳಿದರು. 38 ಹುಡುಗಿಯರ ಮೊಬೈಲ್‌ಗಳನ್ನು ಒಂದು ಚೀಲಕ್ಕೆ ಹಾಕಿಸಿಕೊಂಡು, ಸಭಾಂಗಣದಲ್ಲಿ ರಾತ್ರಿ ಏಳೂವರೆಯವರೆಗೆ ಕೂರಿಸಿದರು. ಹೊಸ ಕಾಯ್ದೆಯ ಪ್ರಕಾರ 12 ವರ್ಷ ಜೈಲು ಎಂದು ಒಬ್ಬರು ಹೆದರಿಸಿದರು. ಅವರು ಹೇಳಿದ್ದು ಕರ್ನಾಟಕದ 2023ರ ಕಾಯ್ದೆ. ಅದು ಸರ್ಕಾರಿ ನೇಮಕಾತಿ ಪರೀಕ್ಷೆಗಳ ಅಕ್ರಮ ತಡೆಯಲು ಬಂದದ್ದು, ಕಾಲೇಜಿನ ಕೇಸ್ ಬುಕ್ಕಿಗೆ ಅನ್ವಯಿಸುವುದಿಲ್ಲ. ಇದನ್ನು ಹೇಳುವವರು ಅಲ್ಲಿ ಯಾರೂ ಇರಲಿಲ್ಲ. ಒಬ್ಬಳು ತಲೆಸುತ್ತಿ ಬಿದ್ದಳು. ಕೊನೆಗೆ ಎಲ್ಲರಿಂದಲೂ ತಪ್ಪೊಪ್ಪಿಗೆ ಪತ್ರ ಬರೆಸಿಕೊಂಡು ಬಿಟ್ಟರು.

ಮೂರು ದಿನಗಳ ನಂತರ ನಾನು ಆ ಪತ್ರಗಳನ್ನು ಓದಿದೆ. 38ರಲ್ಲಿಯೂ ಒಂದೇ ಒಕ್ಕಣೆ. "ನಾನು ತಿಳಿಯದೆ ಮಾಡಿದ ತಪ್ಪನ್ನು ಕ್ಷಮಿಸಬೇಕಾಗಿ ವಿನಂತಿ" ಎಂಬ ಸಾಲು ಎಲ್ಲದರಲ್ಲಿಯೂ ಇತ್ತು. ಯಾರೋ ನಿಂತು ಹೇಳಿ ಬರೆಸಿದ್ದರು. ಅಕ್ಷರಕ್ಕೆ ಅಕ್ಷರ ಹೊಂದುವ ಪುಟಗಳು ನಕಲಿಗೆ ಪುರಾವೆ ಎಂದಾದರೆ, ಈ ಪತ್ರಗಳೂ ನಕಲೇ. ಏನು ಮಾಡಿದೆ, ಎಷ್ಟು ಮಾಡಿದೆ, ಯಾರು ಹೇಳಿದರು ಎಂಬ ಒಂದು ಮಾತೂ ಅವುಗಳಲ್ಲಿ ಇರಲಿಲ್ಲ. ನಮ್ಮ ಸಮಿತಿಯ ಮೊದಲ ತೀರ್ಮಾನವೇ ಆ ಪತ್ರಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ ಎಂಬುದು. ಎರಡನೆಯದು, ಮೊಬೈಲ್‌ಗಳನ್ನು ಅಂದೇ ಹಿಂದಿರುಗಿಸಿದ್ದು. ಹಾಗೆ ಕಸಿದುಕೊಳ್ಳಲು ಕಾಲೇಜಿಗೆ ಅಧಿಕಾರವಿಲ್ಲ. ಆಮೇಲೆ ಒಬ್ಬ ವಿದ್ಯಾರ್ಥಿನಿ ತಾನಾಗಿಯೇ ಬಂದು ವಾಟ್ಸಾಪ್‌ನಲ್ಲಿ ಹರಿದಾಡಿದ ಹಳೆಯ ಪುಸ್ತಕದ ಕಡತವನ್ನು ತೋರಿಸಿದಳು. ಮುಂದೆ ನ್ಯಾಯಾಲಯದಲ್ಲಿ ನಿಲ್ಲಬೇಕಾದರೆ ಇಂಥ ವಿದ್ಯುನ್ಮಾನ ದಾಖಲೆಗೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮಿನ ಪ್ರಮಾಣಪತ್ರ ಬೇಕು. ಕಸಿದುಕೊಂಡ ಫೋನಿನಿಂದ ತೆಗೆದ ಚಿತ್ರಕ್ಕಿಂತ, ಕೊಟ್ಟವಳೇ ಸಹಿ ಮಾಡಿಕೊಟ್ಟ ಪ್ರತಿಗೆ ಬೆಲೆ ಹೆಚ್ಚು.

ಆ ಸಂಜೆಯ ಹಾನಿ ಇಷ್ಟಕ್ಕೇ ಮುಗಿಯಲಿಲ್ಲ. ಅದನ್ನು ಮುಂದೆ ಹೇಳುತ್ತೇನೆ.

ಸಮಿತಿಯಲ್ಲಿ ಯಾರು ಇರಬೇಕು

ಪರೀಕ್ಷಕಿಯನ್ನೇ ಸಮಿತಿಯ ಅಧ್ಯಕ್ಷೆ ಮಾಡಬೇಕೆಂದು ಪ್ರಾಂಶುಪಾಲರು ಮೊದಲು ಯೋಚಿಸಿದ್ದರು. ದೂರು ಕೊಟ್ಟವರೇ ತೀರ್ಪು ಕೊಡುವಂತಿಲ್ಲ ಎಂದು ಆಕೆಯೇ ನಿರಾಕರಿಸಿದರು. ಹೆರಿಗೆ ಕೋಣೆಯ ಸಿಸ್ಟರ್ ಬೇಡ, ಏಕೆಂದರೆ ಪ್ರತಿ ಪುಟದಲ್ಲಿಯೂ ಅವರ ಸಹಿ ಇದೆ. ಪ್ರಸೂತಿ ವಿಷಯದ ಬೋಧಕಿಯೂ ಬೇಡ. ಕೊನೆಗೆ ನಾನು, ಹುಬ್ಬಳ್ಳಿಯ ಒಬ್ಬ ನಿವೃತ್ತ ವಾರ್ಡ್ ಸಿಸ್ಟರ್ ಮತ್ತು ಬೇರೆ ವಿಷಯ ಕಲಿಸುವ ಉಪಪ್ರಾಂಶುಪಾಲೆ ಹೀಗೆ ಮೂವರಾದೆವು. ನಿವೃತ್ತ ಸಿಸ್ಟರ್ ಅವರನ್ನು ಎಲ್ಲರೂ ಅಕ್ಕ ಎಂದೇ ಕರೆಯುತ್ತಿದ್ದರು, ಇಲ್ಲಿಯೂ ಹಾಗೆಯೇ ಕರೆಯುತ್ತೇನೆ.

ಆಡಳಿತ ಮಂಡಳಿಯ ವಕೀಲರು ಬಂದು, ಸಾಮೂಹಿಕ ನಕಲಿನ ಸಂದರ್ಭದಲ್ಲಿ ಒಬ್ಬೊಬ್ಬರ ಅಹವಾಲು ಕೇಳುವ ಅಗತ್ಯವಿಲ್ಲ, ಇಡೀ ತಂಡವನ್ನು ಒಂದು ವರ್ಷ ಹೊರಗಿಡಬಹುದು ಎಂದರು. ಆಧಾರವಾಗಿ ಬಿಹಾರದ ಶಾಲಾ ಪರೀಕ್ಷಾ ಮಂಡಳಿ ಮತ್ತು ಸುಭಾಸ್ ಚಂದ್ರ ಸಿನ್ಹಾ ನಡುವಿನ 1970ರ ಸುಪ್ರೀಂ ಕೋರ್ಟ್ ತೀರ್ಪನ್ನು ಮುಂದಿಟ್ಟರು. ತೀರ್ಪು ನಿಜ, ಆದರೆ ಅದು ಹೇಳುವುದು ಬೇರೆ. ಒಂದು ಕೇಂದ್ರದ ಇಡೀ ಪರೀಕ್ಷೆಯನ್ನು ರದ್ದು ಮಾಡುವಾಗ ಯಾರನ್ನೂ ವೈಯಕ್ತಿಕವಾಗಿ ಕಳ್ಳರೆಂದು ಕರೆಯುತ್ತಿಲ್ಲ, ಆದ್ದರಿಂದ ಪ್ರತಿಯೊಬ್ಬರನ್ನೂ ಕೇಳಬೇಕಿಲ್ಲ ಎಂಬುದು ಅಲ್ಲಿನ ತರ್ಕ. ಹೆಸರು ಹಿಡಿದು ಶಿಕ್ಷೆ ಕೊಡುವುದಾದರೆ ಕೇಳಲೇಬೇಕೆಂದು ಘನಶ್ಯಾಮ ದಾಸ್ ಗುಪ್ತಾ ಪ್ರಕರಣದಲ್ಲಿ 1962ರಲ್ಲಿಯೇ ಅದೇ ನ್ಯಾಯಾಲಯ ಹೇಳಿದೆ. ಅವರಿಗೆ ಬೇಕಾಗಿದ್ದದ್ದು ಪರೀಕ್ಷೆಯ ರದ್ದತಿಯಲ್ಲ, 38 ಹೆಸರುಗಳ ಮೇಲೆ ಕಪ್ಪು ಗುರುತು. ಅದನ್ನು ಒಂದೇ ಗೆರೆಯಲ್ಲಿ ಎಳೆಯಲು ನಾವು ಒಪ್ಪಲಿಲ್ಲ.

ರಿಜಿಸ್ಟರ್ ಹೇಳಿದ್ದು

ನಾವು ಹುಡುಗಿಯರನ್ನು ಕರೆಯುವ ಮೊದಲು ಆಸ್ಪತ್ರೆಗೆ ಹೋದೆವು. ಇಡೀ ವಿಚಾರಣೆಯಲ್ಲಿ ನಾವು ಮಾಡಿದ ಸರಿಯಾದ ಕೆಲಸ ಯಾವುದೆಂದು ಕೇಳಿದರೆ ಈ ಅನುಕ್ರಮ ಎನ್ನುತ್ತೇನೆ.

ಹೆರಿಗೆ ರಿಜಿಸ್ಟರ್ ಎಂದರೆ ಮೇಜಿನ ಅಗಲದ ಉದ್ದನೆಯ ಪುಸ್ತಕ. ಅಂಚುಗಳಲ್ಲಿ ಬೆಟಾಡಿನ್‌ನ ಕಂದು ಕಲೆ, ಕೆಲವು ಸಾಲುಗಳಲ್ಲಿ ಒದ್ದೆ ಕೈಯಿಂದ ಹರಡಿದ ಶಾಯಿ. ತಾಯಂದಿರ ಹೆಸರಿನ ಕಾಲಮಿನ ಮೇಲೆ ಅಕ್ಕ ಒಂದು ಉದ್ದನೆಯ ರಟ್ಟಿನ ಪಟ್ಟಿ ಇಟ್ಟರು. "ಇವರ ಹೆಸರು ನಮಗೆ ಬೇಡ, ಸಂಖ್ಯೆ ಸಾಕು" ಎಂದರು. ಒಳರೋಗಿ ಸಂಖ್ಯೆ, ದಿನಾಂಕ, ವೇಳೆ, ತೂಕ ಇಷ್ಟನ್ನೇ ಓದುತ್ತ ಹೋದೆವು. ನಾನು ಓದುವುದು, ಉಪಪ್ರಾಂಶುಪಾಲೆ ಬರೆದುಕೊಳ್ಳುವುದು, ಅಕ್ಕ ಕೇಸ್ ಬುಕ್ಕಿನಲ್ಲಿ ಹುಡುಕುವುದು. ಹೀಗೆ ನಾಲ್ಕು ದಿನ.

38 ಪುಸ್ತಕಗಳಲ್ಲಿ ತಲಾ 20ರಂತೆ 760 ಹೆರಿಗೆಗಳಿದ್ದವು. ಅವುಗಳಲ್ಲಿ 342ರ ಸಂಖ್ಯೆಗಳು ರಿಜಿಸ್ಟರಿನಲ್ಲಿ ಇರಲೇ ಇಲ್ಲ. ಉಳಿದ 418 ನಿಜವಾದ ಸಂಖ್ಯೆಗಳೇ, ಆದರೆ ಅವೆಲ್ಲ ಸೇರಿ 131 ಹೆರಿಗೆಗಳಷ್ಟೇ. ಅಂದರೆ ಒಂದೊಂದು ಹೆರಿಗೆಯನ್ನು ಸರಾಸರಿ ಮೂವರು ತಮ್ಮದೆಂದು ಬರೆದಿದ್ದರು.

ಅಂಕಿಗಳಿಗಿಂತ ಮೊದಲು ಕಟ್ಟುಕಥೆಯನ್ನು ಬಯಲು ಮಾಡಿದ್ದು ಅಕ್ಕನ ಕಣ್ಣು. "ಈ ತೂಕ ನೋಡಿ" ಎಂದರು. ಕೇಸ್ ಬುಕ್ಕುಗಳಲ್ಲಿ 2.8, 3.0, 3.2, ಮತ್ತೆ 3.0. ರಿಜಿಸ್ಟರಿನಲ್ಲಿ 2.65, 3.12, 1.98, 2.74. ತೂಗಿದವರು ತಕ್ಕಡಿ ತೋರಿಸಿದ್ದನ್ನು ಬರೆಯುತ್ತಾರೆ, ಊಹಿಸಿದವರು ಮನಸ್ಸಿಗೆ ಸುಲಭವಾದದ್ದನ್ನು ಬರೆಯುತ್ತಾರೆ. ಇನ್ನೊಂದು ಸಂಗತಿ ನನ್ನನ್ನು ಆ ದಿನ ರಾತ್ರಿ ನಿದ್ದೆಗೆ ಬಿಡಲಿಲ್ಲ. ಒಂದು ಪುಸ್ತಕದಲ್ಲಿ 20ಕ್ಕೆ 20 ಕೂಸುಗಳೂ ಹುಟ್ಟಿದ ಕೂಡಲೇ ಅತ್ತಿದ್ದವು. ವಾಸ್ತವದಲ್ಲಿ ಸುಮಾರು ಹತ್ತರಲ್ಲಿ ಒಂದು ಕೂಸಿಗೆ ಉಸಿರು ಹಿಡಿಯಲು ಏನಾದರೊಂದು ನೆರವು ಬೇಕಾಗುತ್ತದೆ. ಬೆನ್ನು ಉಜ್ಜಬೇಕು, ಬಾಯಿ ಮೂಗು ಶುಚಿ ಮಾಡಬೇಕು, ಕೆಲವೊಮ್ಮೆ ಮಾಸ್ಕ್ ಇಟ್ಟು ಗಾಳಿ ತುಂಬಬೇಕು. ಆ ಹುಡುಗಿ ಕಲಿಯಬೇಕಾಗಿದ್ದ ಕೂಸುಗಳೇ ಅವಳ ಪುಸ್ತಕದಲ್ಲಿ ಇರಲಿಲ್ಲ.

ಒಂದೇ ಬಗೆಯ ತಪ್ಪು ಎರಡು ಉತ್ತರಪತ್ರಿಕೆಗಳಲ್ಲಿ ಇದ್ದರೆ ಅದು ನಕಲಿಗೆ ಸಾಕ್ಷಿಯಾಗಬಲ್ಲದೆಂದು ಬಾಗಲೇಶ್ವರ ಪ್ರಸಾದ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಒಪ್ಪಿದೆ. ಉತ್ತರಪ್ರದೇಶದ ಪರೀಕ್ಷಾ ಮಂಡಳಿಯ ಆ ಪ್ರಕರಣದಲ್ಲಿ ಹಿಂದಿ ಪತ್ರಿಕೆಯ ತಪ್ಪುಗಳು ತದ್ರೂಪವಾಗಿದ್ದವು. ನಮ್ಮಲ್ಲಿಯೂ ಅಂಥದ್ದು ಸಿಕ್ಕಿತು: ಜೂನ್ 31ರಂದು ಆದ ಹೆರಿಗೆ, ನಾಲ್ಕು ಪುಸ್ತಕಗಳಲ್ಲಿ.

ಹಾಗೆಂದು ಕಣ್ಣಿಗೆ ಕಂಡದ್ದೆಲ್ಲ ನಿಜವಾಗಿರಲಿಲ್ಲ. ಒಬ್ಬಳ ಪುಸ್ತಕದ ಎರಡು ವಾರಗಳ ಸಹಿ ಉಳಿದ ಸಹಿಗಳಿಗೆ ಹೊಂದುತ್ತಿರಲಿಲ್ಲ. ಖೋಟಾ ಸಹಿ ಎಂದು ಮೂವರೂ ನಂಬಿದೆವು, ಟಿಪ್ಪಣಿಯನ್ನೂ ಬರೆದೆವು. ಸಿಸ್ಟರ್ ಅವರನ್ನು ಕೇಳಿದಾಗ ಆ ದಿನಗಳಲ್ಲಿ ತಮ್ಮ ಬಲಗೈ ಹೆಬ್ಬೆರಳು ಬಾಗಿಲಿಗೆ ಸಿಕ್ಕಿ ಪಟ್ಟಿ ಕಟ್ಟಿತ್ತು ಎಂದರು. ಹಾಜರಿ ಪುಸ್ತಕದಲ್ಲಿಯೂ ಅವರ ಸಹಿ ಹಾಗೆಯೇ ಸೊಟ್ಟಗಿತ್ತು. ಆ ಹುಡುಗಿಯನ್ನು ಕರೆದು ಕೇಳುವ ಮೊದಲೇ ಹೆಸರು ಹೊರಗೆ ಹೋಗಿದ್ದರೆ ಅವಳ ಗತಿ ಏನಾಗುತ್ತಿತ್ತು ಎಂದು ನೆನೆದರೆ ಈಗಲೂ ಎದೆ ಹೊಡೆದುಕೊಳ್ಳುತ್ತದೆ.

ನಮ್ಮ ದಿಕ್ಕು ಬದಲಾದದ್ದು ನಾಲ್ಕನೆಯ ದಿನ ಸಂಜೆ. ಅಕ್ಕ ಕೇಳಿದರು, "ಈ ಆರು ತಿಂಗಳಲ್ಲಿ ಇಲ್ಲಿ ಒಟ್ಟು ಸಹಜ ಹೆರಿಗೆ ಎಷ್ಟಾಗಿದೆ?" ಎಣಿಸಿದೆವು: 612. ಅದೇ ಆಸ್ಪತ್ರೆಗೆ ಮೂರು ಕಾಲೇಜುಗಳ 104 ವಿದ್ಯಾರ್ಥಿನಿಯರು ಪ್ರಾಯೋಗಿಕ ತರಬೇತಿಯ ಪೋಸ್ಟಿಂಗ್‌ಗೆ ಬರುತ್ತಾರೆ. ಎಲ್ಲರೂ ಪ್ರಾಮಾಣಿಕವಾಗಿ 20 ಹೆರಿಗೆ ಮಾಡಿಸಬೇಕಾದರೆ 2,080 ಬೇಕು. ಆಸ್ಪತ್ರೆಯ ಸಿಬ್ಬಂದಿ ಒಂದೇ ಒಂದು ಹೆರಿಗೆಗೂ ಕೈ ಹಾಕದೆ ಎಲ್ಲವನ್ನೂ ಬಿಟ್ಟುಕೊಟ್ಟರೂ ತಲೆಗೆ ಆರು ಕೂಡ ಬರುವುದಿಲ್ಲ.

ಮತ್ತೆ ವೇಳೆಯ ಕಾಲಮನ್ನು ನೋಡಿದೆವು. ಹಾಸ್ಟೆಲ್ ನಿಯಮದ ಕಾರಣ ಈ ಕಾಲೇಜಿನ ಹುಡುಗಿಯರು ಬೆಳಗ್ಗೆ ಒಂಬತ್ತರಿಂದ ಸಂಜೆ ನಾಲ್ಕರವರೆಗೆ ಮಾತ್ರ ಆಸ್ಪತ್ರೆಯಲ್ಲಿ ಇರುತ್ತಿದ್ದರು. ಉಳಿದೆರಡು ಕಾಲೇಜುಗಳದ್ದೂ ಅದೇ ಕಥೆ. ಆ ಏಳು ಗಂಟೆಗಳಲ್ಲಿ ಆದ ಹೆರಿಗೆ 187. ತಲೆಗೆ ಎರಡಕ್ಕಿಂತ ಕಡಿಮೆ.

ಉಪಪ್ರಾಂಶುಪಾಲೆ ಪೆನ್ನು ಮುಚ್ಚಿಟ್ಟು ಬಹಳ ಹೊತ್ತು ಸುಮ್ಮನೆ ಕುಳಿತರು. ಎಷ್ಟು ಓದಿದರೂ, ಎಷ್ಟು ದುಡಿದರೂ ಈ ಹುಡುಗಿಯರಲ್ಲಿ ಒಬ್ಬಳೂ ಸತ್ಯ ಬರೆದು ಪರೀಕ್ಷೆಗೆ ಕೂರಲು ಸಾಧ್ಯವಿರಲಿಲ್ಲ. ಪೋಸ್ಟಿಂಗ್ ಪಟ್ಟಿಗೆ ಸಹಿ ಮಾಡಿದ ದಿನವೇ ಸುಳ್ಳು ಶುರುವಾಗಿತ್ತು, ಮತ್ತು ಆ ಪಟ್ಟಿಗೆ ಸಹಿ ಮಾಡಿದವರು ವಿದ್ಯಾರ್ಥಿನಿಯರಲ್ಲ.

ಪೆನ್ಸಿಲ್ ಚುಕ್ಕಿ

ವಿದ್ಯಾರ್ಥಿನಿಯರನ್ನು ಒಬ್ಬೊಬ್ಬರನ್ನಾಗಿ ಕರೆದೆವು. ಪ್ರತಿಯೊಬ್ಬರಿಗೂ ಮೂರು ದಿನ ಮೊದಲೇ ಅವರ ಪುಸ್ತಕದಲ್ಲಿ ನಮಗೆ ಅನುಮಾನ ಬಂದ ಪುಟಗಳ ಪಟ್ಟಿಯನ್ನು ಬರವಣಿಗೆಯಲ್ಲಿ ಕೊಟ್ಟಿದ್ದೆವು. ಮನೆಯವರಲ್ಲಿ ಒಬ್ಬರು ಜೊತೆಗೆ ಕೂರಬಹುದು ಎಂದೂ ತಿಳಿಸಿದ್ದೆವು.

ಏಳನೆಯವಳಾಗಿ ಬಂದವಳು ಕುರ್ಚಿಯ ತುದಿಯಲ್ಲಿ ಕುಳಿತು, ಪ್ರಶ್ನೆ ಕೇಳುವ ಮೊದಲೇ "ಮೇಡಂ, ನನ್ನ ಪುಸ್ತಕ ಕೊಡುತ್ತೀರಾ?" ಎಂದಳು. ಕೊಟ್ಟೆವು. ಅವಳು ಪುಟ ತಿರುವಿ ಮೂಲೆಗಳನ್ನು ತೋರಿಸಿದಳು. ಸಾಸಿವೆಕಾಳಿನಷ್ಟು ಚಿಕ್ಕ ಪೆನ್ಸಿಲ್ ಚುಕ್ಕಿ. ಏಳು ಪುಟಗಳಲ್ಲಿ ಇತ್ತು, ಹದಿಮೂರರಲ್ಲಿ ಇರಲಿಲ್ಲ.

ಅವಳ ಅತ್ತೆಯ ಮನೆ ಆಸ್ಪತ್ರೆಯ ಹಿಂದಿನ ಓಣಿಯಲ್ಲಿತ್ತು. ಶನಿವಾರ ರಾತ್ರಿ ಅಲ್ಲಿ ಉಳಿದು, ಸಿಸ್ಟರ್ ಅವರನ್ನು ಕಾಡಿ ಬೇಡಿ ಹೆರಿಗೆ ಕೋಣೆಗೆ ಹೋಗುತ್ತಿದ್ದಳು. ಹಾಗೆ ಏಳು ಹೆರಿಗೆ ಮಾಡಿಸಿದ್ದಳು. ಏಳನ್ನೇ ಬರೆದು ತರಗತಿಯ ಸಂಯೋಜಕಿಗೆ ಕೊಟ್ಟಾಗ, "ಎಲ್ಲರದೂ ತುಂಬಿದೆ, ನಿನ್ನೊಬ್ಬಳದು ಹೀಗಿದ್ದರೆ ಪರೀಕ್ಷೆಗೆ ಹೇಗೆ ಬಿಡಲಿ?" ಎಂಬ ಉತ್ತರ ಬಂತು. ಸಲ್ಲಿಸುವ ದಿನಕ್ಕೆ ಎರಡು ರಾತ್ರಿ ಬಾಕಿ ಇತ್ತು. ಗೆಳತಿಯ ಪುಸ್ತಕ ನೋಡಿ ಹದಿಮೂರು ಬರೆದಳು.

"ಚುಕ್ಕಿ ಯಾಕೆ ಇಟ್ಟೆ, ತಂಗೀ?" ಎಂದು ಅಕ್ಕ ಕೇಳಿದರು.

"ಯಾವುದು ನನ್ನದು ಎಂದು ನನಗಾದರೂ ಗೊತ್ತಿರಲಿ ಎಂದು" ಎಂದಳು.

ಅಕ್ಕ ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತರು. ನಾನು ಆ ದಿನದ ವಿಚಾರಣೆಯನ್ನು ಅಲ್ಲಿಗೆ ನಿಲ್ಲಿಸಿದೆ.

ಅವಳ ಚುಕ್ಕಿಯಿಂದಲೇ ನಮಗೆ ದಾರಿ ಸಿಕ್ಕಿತು. ಉಳಿದವರಿಗೂ ತಮ್ಮದು ಯಾವುದೆಂದು ಗೊತ್ತೇ ಇರುತ್ತದೆ. ಎಲ್ಲರಿಗೂ ಪುಸ್ತಕದ ನೆರಳಚ್ಚು ಕೊಟ್ಟು, ನಿಜವಾಗಿ ತಮ್ಮ ಕೈಯಿಂದ ಮಾಡಿಸಿದ ಹೆರಿಗೆಗಳಿಗೆ ಮಾತ್ರ ಗುರುತು ಹಾಕಲು ಹೇಳುವುದೆಂದು ಯೋಚಿಸಿದೆವು. ಅದಕ್ಕೆ ಮೊದಲು ನಮ್ಮೊಳಗೆ ದೊಡ್ಡ ಚರ್ಚೆಯಾಯಿತು. ಸತ್ಯ ಹೇಳಿದವರಿಗೆ ರಿಯಾಯಿತಿ ಎಂದರೆ ಆಮಿಷವಾಗುತ್ತದೆ ಎಂದು ಉಪಪ್ರಾಂಶುಪಾಲೆ ವಾದಿಸಿದರು. ಏನಾಗುತ್ತದೆಂದು ತಿಳಿಸದೆ ಸತ್ಯ ಕೇಳುವುದು ಬಲೆ ಬೀಸಿದಂತೆ ಎಂದು ನಾನು ವಾದಿಸಿದೆ. ಕೊನೆಗೆ ಪರಿಣಾಮಗಳನ್ನು ಮೊದಲೇ ಬರೆದು, ಪ್ರಾಂಶುಪಾಲರ ಸಹಿ ಹಾಕಿಸಿ, ಸೂಚನಾ ಫಲಕಕ್ಕೆ ಅಂಟಿಸಿದೆವು. ಪ್ರಕರಣಗಳನ್ನು ನಕಲು ಮಾಡಿದವರು ಸತ್ಯ ಹೇಳಿದರೆ ಹೆಚ್ಚುವರಿ ಪೋಸ್ಟಿಂಗ್ ಮುಗಿಸಿ ಪೂರಕ ಪರೀಕ್ಷೆಗೆ ಕೂರಬಹುದು. ಇನ್ನೊಬ್ಬರ ಸಹಿ ಹಾಕಿದ್ದರೆ, ಹಣ ಪಡೆದಿದ್ದರೆ ವಿಶ್ವವಿದ್ಯಾಲಯಕ್ಕೆ ಪ್ರತ್ಯೇಕ ವರದಿ ಹೋಗುತ್ತದೆ. ಅದರಲ್ಲಿ ರಿಯಾಯಿತಿ ಇಲ್ಲ.

ಗುರುತು ಬಿದ್ದ ಹೆರಿಗೆಗಳು 96. ಹಾಜರಿ, ಪಾಳಿ ಪಟ್ಟಿ, ರಿಜಿಸ್ಟರಿನ ವೇಳೆ ಮೂರನ್ನೂ ಇಟ್ಟು ನೋಡಿದಾಗ 89 ಹೊಂದಿದವು. ಹೆದರಿಸಿ ಪಡೆದ 38 ಪತ್ರಗಳಲ್ಲಿ ಸಿಗದ ಸತ್ಯ ಇಲ್ಲಿ ಸಿಕ್ಕಿತು. ಒಬ್ಬಳು ಒಂದಕ್ಕೂ ಗುರುತು ಹಾಕಿರಲಿಲ್ಲ. "ನಾನು ನೋಡಿದ್ದೇನೆ ಮೇಡಂ, ಮುಟ್ಟಿಲ್ಲ" ಎಂದು ಅಂಚಿನಲ್ಲಿ ಬರೆದಿದ್ದಳು. ಇನ್ನು ನಾಲ್ಕು ತಿಂಗಳಲ್ಲಿ ಅವಳ ಕೈಗೆ ನೋಂದಾಯಿತ ಶುಶ್ರೂಷಕಿ ಎಂಬ ಪ್ರಮಾಣಪತ್ರ ಸಿಗುವುದಿತ್ತು.

ಯಾರಿಗೆ ಯಾವ ಕ್ರಮ

ಇಬ್ಬರು ವಿದ್ಯಾರ್ಥಿನಿಯರು ಸಿಸ್ಟರ್ ಅವರ ಸಹಿಯನ್ನು ತಾವೇ ಹಾಕಿದ್ದರು, ಅದರಲ್ಲಿ ಒಬ್ಬಳು ಬೇರೆಯವರ ಪುಸ್ತಕಕ್ಕೂ ಹಾಕಿಕೊಟ್ಟು ಹಣ ಪಡೆದಿದ್ದಳು. ಆ ಎರಡು ಕಡತಗಳು ವಿಶ್ವವಿದ್ಯಾಲಯಕ್ಕೆ ಹೋದವು. ಉಳಿದ 36 ಮಂದಿಗೆ ಎಂಟು ವಾರಗಳ ಹೆಚ್ಚುವರಿ ಪೋಸ್ಟಿಂಗ್.

ಸಿಸ್ಟರ್ ಬಗ್ಗೆ ಆಡಳಿತ ಮಂಡಳಿಗೆ ಬಹಳ ಸಿಟ್ಟಿತ್ತು. ಆಕೆ ಒಂದೇ ಸಂಜೆ ಕುಳಿತು ನೂರಾರು ಪುಟಗಳಿಗೆ ಓದದೆ ಸಹಿ ಮಾಡಿದ್ದು ನಿಜ, ಆಕೆಯೇ ಒಪ್ಪಿಕೊಂಡರು. ಆ ದಿನ ಕೋಣೆಯಲ್ಲಿ ಎಷ್ಟು ಹೆರಿಗೆಯಾಗಿತ್ತೆಂದು ರಿಜಿಸ್ಟರ್ ನೋಡಿದೆವು: ಎಂಟು. ಪಾಳಿಯಲ್ಲಿ ಇದ್ದವರು ಇಬ್ಬರು. ಆಕೆ ಆಸ್ಪತ್ರೆಯ ನೌಕರರು, ಕಾಲೇಜು ಆಕೆಗೆ ಒಂದು ಪೈಸೆಯನ್ನೂ ಕೊಡುವುದಿಲ್ಲ. ಸಹಿಯ ಭಾರವನ್ನು ಮಾತ್ರ ಹೊರಿಸುತ್ತದೆ. ವರದಿಯಲ್ಲಿ ನಾವು ಆಕೆಯ ಲೋಪವನ್ನೂ ಬರೆದೆವು, ಆ ಎಂಟು ಹೆರಿಗೆಗಳನ್ನೂ ಬರೆದೆವು.

ಸಂಯೋಜಕಿಯ ವಿಷಯ ಹೆಚ್ಚು ಕಷ್ಟದ್ದು. ಆಕೆ ತುಂಬಿಸಲು ಹೇಳಿದ್ದು ಖಚಿತ. ಪ್ರತಿ ವರ್ಷ ಹೀಗೆಯೇ ನಡೆಯುತ್ತದೆ, ತಪಾಸಣೆಗೆ ಬಂದವರು ಪುಟ ಎಣಿಸುತ್ತಾರೆ, ಒಳಗೆ ಓದುವುದಿಲ್ಲ ಎಂದು ಆಕೆ ಹೇಳಿದರು. ಆಕೆಯನ್ನು ಒಂದು ವರ್ಷ ಪರೀಕ್ಷಾ ಕೆಲಸದಿಂದ ದೂರ ಇಡಬೇಕೆಂದು ಶಿಫಾರಸು ಮಾಡಿದೆವು. ಆ ಹುಡುಗಿ ಏಳು ಬರೆದು ತಂದಾಗ ಅದನ್ನು ಹಿಂದಕ್ಕೆ ಕಳಿಸಿದ್ದು ಈ ಪ್ರಕರಣದ ಅತ್ಯಂತ ಗಂಭೀರ ತಪ್ಪು ಎಂದು ನನ್ನ ಅಭಿಪ್ರಾಯ. ನಕಲು ಮಾಡಿದ್ದಕ್ಕಿಂತಲೂ ಗಂಭೀರ. ಪ್ರಾಂಶುಪಾಲರು ಈ ಸಾಲನ್ನು ವರದಿಯಿಂದ ತೆಗೆಯಲು ಕೇಳಿದರು, ನಾನು ಒಪ್ಪಲಿಲ್ಲ. ಮರುದಿನ ಅವರೇ ಬಂದು, ಪೋಸ್ಟಿಂಗ್ ಪಟ್ಟಿಗೆ ಸಹಿ ಮಾಡಿದವರು ತಾವು ಎಂಬುದನ್ನೂ ಸೇರಿಸಿ ಎಂದರು. ಆ ಮಾತು ಹೇಳಲು ಧೈರ್ಯ ಬೇಕಿತ್ತು.

ಇಷ್ಟರ ನಡುವೆ ಒಬ್ಬಳು ಹಿಂದಿರುಗಿ ಬರಲೇ ಇಲ್ಲ. ಮೊದಲ ಸಂಜೆ ತಲೆಸುತ್ತಿ ಬಿದ್ದವಳು. ತಂದೆ ಬಂದು ಊರಿಗೆ ಕರೆದುಕೊಂಡು ಹೋದರು. ನೋಟಿಸ್ ಕಳಿಸಿದೆವು, ಉಪಪ್ರಾಂಶುಪಾಲೆ ಮನೆಗೂ ಹೋಗಿ ಬಂದರು. "ಪಿಎಸ್‌ಐ ಪರೀಕ್ಷೆಯಲ್ಲಿ ಓಎಂಆರ್ ಹಾಳೆಯನ್ನೇ ತಿದ್ದಿದರು, ಅಲ್ಲಿ ದುಡ್ಡು ಓಡಾಡಿತು. ನಮ್ಮ ಹುಡುಗಿ ಪುಸ್ತಕ ತುಂಬಿಸಿದ್ದಕ್ಕೆ ಜೈಲು ಎಂದಿರಲ್ಲ" ಎಂದು ತಂದೆ ಬಾಗಿಲಲ್ಲೇ ನಿಂತು ಕೇಳಿದರಂತೆ. 2021ರ ಅಕ್ಟೋಬರ್‌ನಲ್ಲಿ ಪೊಲೀಸ್ ಸಬ್ ಇನ್ಸ್‌ಪೆಕ್ಟರ್ 545 ಹುದ್ದೆಗಳಿಗೆ ನಡೆದ ಆ ಪರೀಕ್ಷೆ ರದ್ದಾದದ್ದು ನಮ್ಮ ಸೀಮೆಯ ಹಳ್ಳಿ ಹಳ್ಳಿಗೂ ಗೊತ್ತು. ಅವರಿಗೆ ಕೊಡಲು ಉಪಪ್ರಾಂಶುಪಾಲೆಯ ಬಳಿ ಉತ್ತರ ಇರಲಿಲ್ಲ. ಅವಳು ಗುರುತು ಹಾಕಿದ ಮೂರು ಹೆರಿಗೆಗಳೂ ನಿಜವಾದವು. ತುಂಬುವುದಕ್ಕೆ ಕೊಟ್ಟ ನೆರಳಚ್ಚನ್ನು ಅವಳು ಅಂಚೆಯಲ್ಲಿ ಕಳಿಸಿದ್ದಳು.

ತಡೆಯುವುದಕ್ಕೆ ಮಾಡಿದ್ದು

ಹೆರಿಗೆ ಕೋಣೆಯಲ್ಲಿ ಸಿಸಿಟಿವಿ ಹಾಕಿಸುವುದು ಆಡಳಿತ ಮಂಡಳಿಯ ಮೊದಲ ಸಲಹೆ. ಇದನ್ನು ನಾನು ಎಷ್ಟು ಕಟುವಾಗಿ ವಿರೋಧಿಸಿದೆನೆಂದರೆ ಸಭೆ ಕೆಲ ಹೊತ್ತು ನಿಂತಿತು. ಅಲ್ಲಿ ಮಲಗಿರುವ ಹೆಂಗಸು ಯಾರ ಪರೀಕ್ಷೆಗೂ ಕುಳಿತವಳಲ್ಲ. ಹೆರಿಗೆ ಕೋಣೆಗಳ ಗುಣಮಟ್ಟ ಸುಧಾರಿಸುವ ಕೇಂದ್ರದ ಲಕ್ಷ್ಯ ಕಾರ್ಯಕ್ರಮ 2017ರಲ್ಲಿ ಶುರುವಾದಾಗಿನಿಂದ ಹೆರಿಗೆ ಮೇಜುಗಳ ನಡುವೆ ಪರದೆ ಹಾಕಿಸಲು ನಾವು ಒದ್ದಾಡುತ್ತಿದ್ದೇವೆ. 2019ರ ಅಕ್ಟೋಬರ್‌ನಲ್ಲಿ ಹಾವೇರಿಯ ಒಂದು ಕಾಲೇಜಿನಲ್ಲಿ ನಕಲು ತಡೆಯಲೆಂದು ಮಕ್ಕಳ ತಲೆಗೆ ರಟ್ಟಿನ ಡಬ್ಬಿ ಹಾಕಿ ಪರೀಕ್ಷೆ ಬರೆಸಿದ ಚಿತ್ರ ದೇಶವೆಲ್ಲ ಹರಿದಾಡಿತ್ತು. ಮಕ್ಕಳ ಮಾನ ಹೋಯಿತೇ ವಿನಾ ಕಲಿಕೆಗೆ ಏನೂ ಸೇರಲಿಲ್ಲ. ಆ ದಾರಿ ಬೇಡ ಎಂದೆ.

ಬದಲಿಗೆ ರಿಜಿಸ್ಟರಿಗೆ ಕೈ ಹಾಕಿದೆವು. ಆಸ್ಪತ್ರೆಯವರ ಒಪ್ಪಿಗೆಯಿಂದ ಕೊನೆಯಲ್ಲಿ ಒಂದು ಕಾಲಮ್ ಸೇರಿತು: ವಿದ್ಯಾರ್ಥಿನಿಯ ಕ್ರಮಸಂಖ್ಯೆ, ಮತ್ತು ಮಾಡಿಸಿದಳು, ನೆರವಾದಳು, ನೋಡಿದಳು ಇವುಗಳಲ್ಲಿ ಒಂದು. ಒಂದು ಹೆರಿಗೆಗೆ "ಮಾಡಿಸಿದಳು" ಎಂಬುದು ಒಬ್ಬಳಿಗೆ ಮಾತ್ರ. ಸಹಿಯನ್ನು ಅದೇ ಪಾಳಿಯಲ್ಲಿ ಪಡೆಯಬೇಕು, ತಿಂಗಳ ಕೊನೆಗೆ ಪುಸ್ತಕದ ಗುಡ್ಡೆ ತರುವಂತಿಲ್ಲ. ವಾರಕ್ಕೊಮ್ಮೆ ಚೀಟಿ ಎತ್ತಿ ಎರಡು ಪುಸ್ತಕ ಆರಿಸಿ, ತಲಾ ಮೂರು ಪುಟಗಳನ್ನು ರಿಜಿಸ್ಟರಿಗೆ ಹೋಲಿಸಿ ನೋಡಲಾಗುತ್ತದೆ. ಕೇಸ್ ಬುಕ್ಕಿನಲ್ಲಿ ತಾಯಿಯ ಹೆಸರು, ಊರು ಬರೆಯುವುದು ನಿಂತಿತು. ಅದು ಎಂದೋ ನಿಲ್ಲಬೇಕಾಗಿತ್ತು.

ರಾತ್ರಿ ಪೋಸ್ಟಿಂಗ್‌ಗೆ ಹಾಸ್ಟೆಲ್ ವಾರ್ಡನ್ ಒಪ್ಪಲು ಒಂದು ತಿಂಗಳು ಬೇಕಾಯಿತು. ಕಾಲೇಜಿನ ವ್ಯಾನು, ಜೊತೆಗೆ ಒಬ್ಬ ಬೋಧಕಿ, ಆಸ್ಪತ್ರೆಯಲ್ಲಿ ಬೀಗ ಹಾಕಿಕೊಳ್ಳಬಹುದಾದ ಒಂದು ಕೋಣೆ ಇಷ್ಟು ಸಿಕ್ಕ ಮೇಲೆ ಪೋಷಕರೂ ಒಪ್ಪಿದರು. ಇದಲ್ಲದೆ ಎರಡು ಆರೋಗ್ಯ ಕೇಂದ್ರಗಳಿಗೆ ತಂಡಗಳನ್ನು ಕಳಿಸಿದೆವು. ಮೂರೂ ಕಾಲೇಜುಗಳು ಒಂದೇ ಪಾಳಿ ಪಟ್ಟಿ ಮಾಡಿಕೊಳ್ಳಬೇಕೆಂದು ಮಾತಾಯಿತು. ಒಂದು ಕಾಲೇಜು ಎರಡನೆಯ ತಿಂಗಳಿಗೇ ಹಿಂದೆ ಸರಿಯಿತು, ಇನ್ನೊಂದು ಈಗಲೂ ಜೊತೆಗಿದೆ.

ಇವೆಲ್ಲ ಆದ ಮೇಲೂ 20 ತುಂಬುವುದಿಲ್ಲ. ಹಾಗಾಗಿ ಕೇಸ್ ಬುಕ್ಕಿನ ಮೊದಲ ಪುಟದಲ್ಲಿ ಕೊರತೆಯ ಲೆಕ್ಕ ಎಂಬ ಹಾಳೆ ಅಂಟಿಸಿದೆವು. ಎಷ್ಟು ಬೇಕಿತ್ತು, ಎಷ್ಟು ಸಿಕ್ಕಿತು, ಉಳಿದದ್ದನ್ನು ಬೊಂಬೆಯ ಮೇಲೆ ಎಷ್ಟು ಸಲ ಅಭ್ಯಾಸ ಮಾಡಿಸಿದೆವು ಎಂದು ಅದರಲ್ಲಿ ಬೋಧಕಿ ಬರೆದು ಸಹಿ ಮಾಡಬೇಕು, ವಿದ್ಯಾರ್ಥಿನಿಯಲ್ಲ. ಅದರ ಕೆಳಗೆ ಪ್ರಾಂಶುಪಾಲರ ಸಹಿ. ಅದೇ ಲೆಕ್ಕದ ಪ್ರತಿಯನ್ನು ಮೇಲಿನ ಕಚೇರಿಗೂ ಕಳಿಸಿದ್ದೇವೆ, 612 ಮತ್ತು 2,080 ಎರಡೂ ಸಂಖ್ಯೆಗಳನ್ನು ದಪ್ಪಕ್ಷರದಲ್ಲಿ ಹಾಕಿ.

ಪೂರಕ ಪರೀಕ್ಷೆಗೆ ಅದೇ ಬಾಹ್ಯ ಪರೀಕ್ಷಕಿ ಬರಬೇಕೆಂದು ಕೋರಿದ್ದೆವು, ಬಂದರು. ಚುಕ್ಕಿಯ ಹುಡುಗಿಯ ಸರದಿ ಬಂದಾಗ ಅವಳ ಹೊಸ ಪುಸ್ತಕದಲ್ಲಿ ಹಳೆಯ ಏಳು ಸೇರಿ ಹದಿನಾರು ಹೆರಿಗೆಗಳಿದ್ದವು. ಹನ್ನೊಂದನೆಯ ಪುಟವನ್ನು ಪರೀಕ್ಷಕಿ ತೆರೆದರು. ರಾತ್ರಿ 2.40, ಕೂಸಿನ ತೂಕ 2.35, ಹುಟ್ಟಿದಾಗ ಅಳಲಿಲ್ಲ.

"ಆಗ ಏನು ಮಾಡಿದೆ, ಹೇಳವ್ವ" ಎಂದರು.

ಅವಳು ಎರಡೂ ಕೈಗಳನ್ನು ಮೇಜಿನ ಮೇಲೆ ತಂದು, ಅಂಗೈ ಅಗಲಿಸಿ, ಕೂಸಿನ ಬೆನ್ನನ್ನು ಹೇಗೆ ಒರೆಸಿದೆನೆಂದು ತೋರಿಸತೊಡಗಿದಳು.